ಕೆಳಗಿನ ತಗಡು

ಒಂದು ಜೀಪಿನ ತಳದಲ್ಲಿ ಹದಿನಾಲ್ಕು ಬೆಸುಗೆ ಇರಬೇಕಿತ್ತು. ನಾನು ಐದು ಹಾಕಿದೆ. ಉಳಿದ ಒಂಬತ್ತು ತೂತುಗಳಿಗೆ ಪುಟ್ಟಿ ಎಂಬ ಲೇಪ ತುಂಬಿ, ಅದು ಹಸಿ ಇರುವಾಗಲೇ ಕಿರುಬೆರಳಿನಿಂದ ಒತ್ತಿ, ಬೆಸುಗೆಯ ಹಾಗೆ ಕಾಣುವಂತೆ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳುತ್ತ ಹೇಳುತ್ತ ಕಥೆಯನ್ನು ನನ್ನ ಕಡೆಗೆ ವಾಲಿಸಿಕೊಳ್ಳುವ ಚಾಳಿ ನನಗಿದೆ. ಆಮೇಲೆ ಓದುವವರು ನನ್ನನ್ನು ಕನಿಕರದಿಂದ ನೋಡಬಾರದು.

ನಾನು ಹತ್ತನೆಯ ಇಯತ್ತೆ ಪಾಸಾದವನು. ಮುಂದೆ ಓದಲಿಲ್ಲ. ವಿಜಯಪುರದ ಅಥಣಿ ರಸ್ತೆಯಲ್ಲಿ, ಈಗ ಬಡಾವಣೆಗಳು ಎದ್ದು ನಿಂತಿರುವ ಕಡೆ, ಆಗ ಬರೀ ಜಾಲಿಕಂಟಿ ಇದ್ದವು. ಅಲ್ಲಿ ಒಂದು ಪತ್ರಾಸಿನ ಮಾಡಿನ ಶೆಡ್ಡಿನಲ್ಲಿ ಗಾಡಿಗಳ ತಗಡಿನ ಕೆಲಸ ಕಲಿತೆ. ಕಲಿಸಿದವರು ಸಾಯುವಾಗ ಆ ಶೆಡ್ಡನ್ನು ನನಗೇ ಬಿಟ್ಟರು. ಅವರನ್ನು ಎಲ್ಲರೂ ಉಸ್ತಾದ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ನನ್ನನ್ನು ಜನ ಮಿಸ್ತ್ರಿ ಎಂದು ಕರೆದರು. ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಈಚೆ. ಬೆಳಿಗ್ಗೆ ಸೈಕಲ್ ಮೇಲೆ ಹೋಗುವುದು, ಸಂಜೆ ಕಿವಿಯೊಳಗೆ ಸುತ್ತಿಗೆಯ ಸದ್ದು ತುಂಬಿಕೊಂಡು ಬರುವುದು. ಅಷ್ಟೇ ನನ್ನ ಜೀವನ.

ಗಾಡಿಯ ಮೈ ಒಂದೇ ತಗಡಿನಿಂದ ಆದದ್ದಲ್ಲ. ನೂರಾರು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಎರಡು ತಾಮ್ರದ ಮೊನೆಗಳ ನಡುವೆ ಒತ್ತಿ ಹಿಡಿದು ಕರೆಂಟು ಹಾಯಿಸುತ್ತಾರೆ. ಒತ್ತಿದ ಜಾಗದಲ್ಲಿ ಎರಡೂ ತಗಡು ಕರಗಿ ಒಂದಾಗುತ್ತವೆ. ಅಂಗಿಯ ಗುಂಡಿಯಷ್ಟು ಸಣ್ಣ ತಗ್ಗು ಉಳಿಯುತ್ತದೆ. ಅದನ್ನು ನಾವು ಸ್ಪಾಟು ಎನ್ನುತ್ತೇವೆ. ಮೇಲಿನ ತಗಡು ತುಕ್ಕು ಹಿಡಿದರೆ ಅದೊಂದನ್ನೇ ತೆಗೆದು ಹೊಸದು ಹಾಕಬೇಕು. ಹಾಗೆ ತೆಗೆಯಬೇಕೆಂದರೆ ಒಂದೊಂದು ಸ್ಪಾಟನ್ನೂ ಡ್ರಿಲ್ಲಿನಿಂದ ಕೊರೆದು ಬಿಡಿಸಬೇಕು. ಕೊರೆಯುವುದು ಮೇಲಿನ ತಗಡನ್ನು ಮಾತ್ರ. ಕೆಳಗಿನದಕ್ಕೆ ಗಾಯವಾಗಬಾರದು, ಯಾಕೆಂದರೆ ಹೊಸ ತಗಡು ಅದರ ಮೇಲೇ ಕೂಡಬೇಕು.

ಕಷ್ಟವಿರುವುದು ಅಲ್ಲೇ. ಎರಡು ತಗಡುಗಳ ದಪ್ಪ ಸೇರಿದರೂ ಒಂದು ಬೀಗದ ಕೈಯಷ್ಟಾಗುವುದಿಲ್ಲ. ಮಾಮೂಲಿ ಡ್ರಿಲ್ಲಿನ ಮೊನೆ ಚೂಪಾಗಿರುತ್ತದೆ, ಸೀದಾ ಎರಡನ್ನೂ ದಾಟಿಬಿಡುತ್ತದೆ. ಅದಕ್ಕೆ ನಾವು ಅದರ ತುದಿಯನ್ನು ಕಲ್ಲಿಗೆ ಹಿಡಿದು ಚಪ್ಪಟೆ ಮಾಡಿ, ನಡುವೆ ಮಾತ್ರ ಸಾಸಿವೆಯಷ್ಟು ಮೊನೆ ಉಳಿಸಿಕೊಳ್ಳುತ್ತೇವೆ. ಕೊರೆಯುವಾಗ ಬಿಳಿ ಸುರುಳಿ ಏಳುತ್ತದೆ. ಮೇಲಿನ ತಗಡು ಮುಗಿಯುತ್ತಿದ್ದಂತೆ ಸದ್ದು ಒಂದು ಎಳೆ ದಪ್ಪವಾಗುತ್ತದೆ, ಸುತ್ತ ಕಂದು ಬಣ್ಣದ ಉಂಗುರ ಕಾಣುತ್ತದೆ. ಆಗ ಕೈ ಎತ್ತಬೇಕು. ಎತ್ತದಿದ್ದರೆ ಕೆಟ್ಟಿತು.

ಉಸ್ತಾದ ಹೇಳುತ್ತಿದ್ದರು, "ಮ್ಯಾಲಿನ ತಗಡು ಹೋಗಬೇಕು, ಕೆಳಗಿನ ತಗಡಿಗಿ ಸುದ್ದಿ ಮುಟ್ಟಬಾರ್ದು."

ಹೊಸ ತಗಡು ಹಾಕುವಾಗ ಇನ್ನೊಂದು ಮಾತು, "ಕಂಪನಿಯಾಂವ ಎಷ್ಟು ಕೊಟ್ಟಾನ, ಅಷ್ಟ ಕೊಡಬೇಕು. ಒಂದ್ ಕಡಿಮಿ ಕೊಟ್ರ ನೀ ಕಳ್ಳ. ಒಂದ್ ಹೆಚ್ಚ ಕೊಟ್ರ ನೀ ಹುಚ್ಚ."

ಅವರ ಕಾಲದಿಂದ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಗಾಡಿ ಬಿಚ್ಚುವಾಗ ಮಾಲೀಕನೆದುರು ಸ್ಪಾಟು ಎಣಿಸುವುದು. ಕೆಲಸ ಮುಗಿದ ಮೇಲೆ ಅವನೇ ಹೆಬ್ಬೆರಳು ಆಡಿಸಿ ಎಣಿಸಿ ನೋಡುವುದು. ಲೆಕ್ಕ ಕೂಡಿದರೆ ಗಾಡಿ ಒಯ್ಯುವುದು. ಕಾಗದ ಇಲ್ಲ, ರಸೀದಿ ಇಲ್ಲ. ಹೆಬ್ಬೆರಳೇ ಸಾಕ್ಷಿ.

ಜೀಪು ತಿಕೋಟಾದ ಒಬ್ಬ ಡ್ರೈವರನದು. ತಿಕೋಟಾದಿಂದ ಬಬಲೇಶ್ವರಕ್ಕೆ ಜನರನ್ನು ಸಾಗಿಸುತ್ತಿದ್ದ. ಸಂತೆಯ ದಿನ ಒಳಗೆ ಎಷ್ಟು ಜನವೋ ಮೇಲೆಯೂ ಅಷ್ಟೇ ಗಂಟುಗಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ದಪ್ಪ ಮೀಸೆ, ದೊಡ್ಡ ದನಿ. ಜೀಪಿನ ಮೇಲೆ ಅವನಿಗೆ ಎಂಥ ಪ್ರೀತಿಯೆಂದರೆ, ದಿನಾ ಸಂಜೆ ಒಳಗೆ ನಾಲ್ಕು ಕೊಡ ನೀರು ಸುರಿದು ತೊಳೆಯುತ್ತಿದ್ದ. ಆ ನೀರೇ ತಳವನ್ನು ತಿಂದದ್ದು. ರಬ್ಬರ್ ಹಾಸು ಎತ್ತಿದರೆ ಕೆಳಗಿನ ರಸ್ತೆ ಕಾಣುತ್ತಿತ್ತು.

"ಎಮ್ಮಿ ಮೈ ತೊಳದಂಗ ತೊಳೀಬ್ಯಾಡೋ ಮಾರಾಯಾ, ಇದು ತಗಡು," ಎಂದೆ.

"ನೀ ಅದಿಯಲ್ಲ ಹೊಸಾದು ಹಾಕಾಕ," ಎಂದು ನಕ್ಕ.

ಅವನು ನನ್ನ ಹೆಸರನ್ನು ಬಬಲೇಶ್ವರದ ತನಕ ಒಯ್ದವನು. ಜೀಪು ನಿಲ್ಲುವ ಕಡೆಯೆಲ್ಲ ನನ್ನ ಕೈಗುಣದ ಮಾತು. ಅವನ ಮಾತು ಕೇಳಿಯೇ ಎಷ್ಟೋ ಗಾಡಿಗಳು ನನ್ನ ಶೆಡ್ಡಿಗೆ ಬಂದವು. ಹೊಗಳಿಕೆ ಕೇಳಿದರೆ ನನಗೆ ಒಳಗಿಂದೊಳಗೆ ಸೊಕ್ಕು ಬರುತ್ತಿತ್ತು. ಹೊರಗೆ ತಲೆ ತಗ್ಗಿಸಿ "ಅದೇನ್ ದೊಡ್ಡದು ಬಿಡ್ರಿ" ಎನ್ನುತ್ತಿದ್ದೆ. ಅದು ಸುಳ್ಳು ವಿನಯ.

ಆ ದಿನ ಮಧ್ಯಾಹ್ನ ಅವನು ತನ್ನ ಹಾಗೆಯೇ ಜೀಪು ಓಡಿಸುವ ಇಬ್ಬರನ್ನು ಕರೆದುಕೊಂಡು ಬಂದಿದ್ದ. ನಾನು ತಳದ ತಗಡು ಬಿಡಿಸುತ್ತಿದ್ದೆ. ನಡುವಿನ ಸೀಟು ನಿಲ್ಲುವ ಕಡೆ ತಳದ ಕೆಳಗೆ ಅಡ್ಡಲಾಗಿ ಒಂದು ಪಟ್ಟಿ ಇರುತ್ತದೆ. ಸೀಟಿನ ಭಾರವೆಲ್ಲ ಅದರ ಮೇಲೆ. ತಳವನ್ನು ಆ ಪಟ್ಟಿಗೆ ಹಿಡಿಸಿರುವುದು ಹದಿನಾಲ್ಕು ಸ್ಪಾಟು. ಮೊದಲೇ ಅವನ ಎದುರು ಎಣಿಸಿಯಾಗಿತ್ತು.

"ನೋಡ್ರಲೇ, ನೋಡ್ರಿ," ಎಂದು ಆ ಇಬ್ಬರಿಗೆ ಹೇಳಿದ. "ನಿಂಬಿಹಣ್ಣಿನ ಸಿಪ್ಪಿ ಸುಲದಂಗ ಸುಲೀತಾನ. ಒಳಗಿನ ತೊಳಿ ಒಂದೂ ಒಡ್ಯಾಂಗಿಲ್ಲ."

"ಒಡದ್ರ ಏನ್ ಮಾಡ್ತಿ?" ಎಂದ ಒಬ್ಬ.

"ಮೀಸಿ ಬೋಳಸ್ತೇನಿ."

ಅವರು ನಕ್ಕರು. ನಾನೂ ತಲೆ ಹೊರಳಿಸಿ ನಕ್ಕೆ. ಆ ಹೊತ್ತಿನಲ್ಲಿ ಡ್ರಿಲ್ಲು ಕೈಯಲ್ಲಿ ಓಡುತ್ತಿತ್ತು. ಮೊನೆ ಕೆಳಗಿನ ಪಟ್ಟಿಯನ್ನು ದಾಟಿ ಹೋಯಿತು. ದಾಟುವಾಗ ಕೈಗೆ ಗೊತ್ತಾಗುತ್ತದೆ, ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟರೆ ಇಲ್ಲದ ಹಾಗೆ.

ಒಂದು ತೂತು ದೊಡ್ಡ ಮಾತಲ್ಲ. ಆದರೆ ಮೊನೆ ಮೊಂಡಾಗಿತ್ತು. ಕಲ್ಲಿಗೆ ಹಿಡಿದು ಮತ್ತೆ ಚಪ್ಪಟೆ ಮಾಡಿಕೊಳ್ಳಬೇಕಿತ್ತು. ಎದ್ದು ಹೋಗಿ ಮೊನೆ ಹಿಡಿದರೆ, ಯಾಕೆ ಎದ್ದೆ ಎಂದು ಅವರು ಬಗ್ಗಿ ನೋಡುತ್ತಾರೆ. ನೋಡಿದರೆ ತೂತು ಕಾಣುತ್ತದೆ. ಅದಕ್ಕೆ ನಾನು ಏಳಲಿಲ್ಲ. ಮೊಂಡು ಮೊನೆಯಿಂದಲೇ ಮುಂದಿನದನ್ನು ಕೊರೆದೆ. ಮೊಂಡು ಮೊನೆ ಕಡಿಯುವುದಿಲ್ಲ, ಒತ್ತಬೇಕು. ಒತ್ತಿ ಒತ್ತಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಹೀಗೆ ಒಂಬತ್ತು ಕಡೆ ಪಟ್ಟಿ ತೂತಾಯಿತು. ಅವರು ಹರಟುತ್ತಲೇ ಇದ್ದರು. ನಾನು ಬೆನ್ನು ಅಡ್ಡ ಹಿಡಿದು ಕೊರೆಯುತ್ತಲೇ ಇದ್ದೆ. ಹದಿನಾಲ್ಕೂ ಮುಗಿದಾಗ ಉಳಿಯಿಂದ ಮೀಟಿ ತಗಡನ್ನು ಎತ್ತಿ ತೋರಿಸಿ, ತೂತು ಕಾಣದಂತೆ ಮತ್ತೆ ಪಟ್ಟಿಯ ಮೇಲೇ ಇಟ್ಟೆ. ಅವನು ಚಪ್ಪಾಳೆ ಹೊಡೆದ.

ಪಟ್ಟಿಯನ್ನೇ ಬದಲಿಸಬೇಕಿತ್ತು. ಅದಕ್ಕೆ ಇನ್ನೆರಡು ದಿನ ಹಿಡಿಯುತ್ತಿತ್ತು, ಅಷ್ಟೇ. "ಪಟ್ಟಿ ನಾ ಕೆಡಿಸೇನಿ" ಎಂಬ ಮೂರು ಶಬ್ದ ಹೇಳಬೇಕಿತ್ತು. ಹೇಳಿದ್ದರೆ ಅವನು ಒಂದು ಬೈಗುಳ ಬೈದು, ಒಂದು ಚಾ ಕುಡಿದು ಹೋಗುತ್ತಿದ್ದ. ಮೀಸೆಯನ್ನೂ ಬೋಳಿಸುತ್ತಿರಲಿಲ್ಲ. ನನಗೆ ಆ ಮೂರು ಶಬ್ದ ಬರಲಿಲ್ಲ.

ಅವರು ಹೋದ ಮೇಲೆ ಹೊಸ ತಳಕ್ಕೆ ಹದಿನಾಲ್ಕು ತೂತು ಹೊಡೆದು ಕೂರಿಸಿದೆ; ನಮ್ಮ ಶೆಡ್ಡಿನಲ್ಲಿ ಆ ತೂತಿನ ಮೂಲಕವೇ ಕೆಳಗಿನ ಪಟ್ಟಿಗೆ ಬೆಸುಗೆ ತುಂಬುವುದು. ಗಟ್ಟಿ ಇದ್ದ ಐದು ಕಡೆ ಬೆಸುಗೆ ಹಾಕಿದೆ. ಆರನೆಯ ಕಡೆ ಹಾಕಲು ನೋಡಿದೆ. ಕೆಳಗೆ ಹಿಡಿಯಲು ಏನೂ ಇರಲಿಲ್ಲ, ತೂತಿನ ಅಂಚು ಸುಟ್ಟು ಇನ್ನಷ್ಟು ದೊಡ್ಡದಾಯಿತು. ಆಮೇಲೆ ಪುಟ್ಟಿಯ ಡಬ್ಬಿ ತೆಗೆದೆ.

ಮರುದಿನ ಅವನು ಬಂದು ಮಂಡಿಯೂರಿ ಹೆಬ್ಬೆರಳು ಆಡಿಸಿದ. ಒಂದೊಂದೇ ತಗ್ಗಿನ ಮೇಲೆ ನಿಲ್ಲಿಸಿ ಗಟ್ಟಿಯಾಗಿ ಎಣಿಸಿದ. ನಾನು ಆಚೆ ನಿಂತು ಎಣ್ಣೆ ಅರಿವೆಯಿಂದ ಕೈ ಒರೆಸಿಕೊಳ್ಳುತ್ತಿದ್ದೆ.

"ಹದಿನಾಕು," ಎಂದ. "ಬರೊಬ್ಬರಿ ಹದಿನಾಕು. ಉಸ್ತಾದನ ಹೆಸರು ಉಳಿಸಿದಿ ನೋಡು."

ಅವನ ಹೆಂಡತಿ ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಬಬಲೇಶ್ವರದ ಸಂತೆಗೆ ಒಯ್ಯುತ್ತಿದ್ದಳು. ಗಂಡನ ಜೀಪಿನಲ್ಲೇ, ಗಂಡನ ಬೆನ್ನ ಹಿಂದೆ, ನಡುವಿನ ಸೀಟಿನಲ್ಲಿ. ನನಗಿಂತ ಚಿಕ್ಕವಳಾದರೂ ನಾನು ಅವಳನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಶೆಡ್ಡಿನ ಕಡೆ ಬಂದರೆ ನಾಲ್ಕು ರೊಟ್ಟಿ ಇಟ್ಟು ಹೋಗುತ್ತಿದ್ದಳು. ಆ ರೊಟ್ಟಿಯನ್ನೂ ನಾನು ತಿಂದಿದ್ದೇನೆ, ಪುಟ್ಟಿ ತುಂಬಿದ ಮೇಲೂ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ನಾನು ಮರೆಯತೊಡಗಿದ್ದೆ. ಒಂದು ಸಂತೆಯ ಬೆಳಿಗ್ಗೆ, ಬಬಲೇಶ್ವರ ಇನ್ನೂ ಸ್ವಲ್ಪ ದೂರ ಇರುವಾಗ, ತಿರುವಿನಲ್ಲಿ ಕುರಿಹಿಂಡು ರಸ್ತೆ ದಾಟುತ್ತಿತ್ತು. ಅವನು ಬ್ರೇಕು ಹಾಕಿದ. ಒಂದು ಕುರಿಗೂ ಏನೂ ಆಗಲಿಲ್ಲ. ಜೀಪು ಯಾವುದಕ್ಕೂ ಬಡಿಯಲಿಲ್ಲ. ನಡುವಿನ ಸೀಟು ಮಾತ್ರ ತಳದ ಸಮೇತ ಪಟ್ಟಿಯಿಂದ ಕಿತ್ತುಕೊಂಡು ಮುಂದಕ್ಕೆ ಹೋಯಿತು. ಕುಳಿತಿದ್ದ ನಾಲ್ವರಲ್ಲಿ ಮೂವರಿಗೆ ತರಚಿದ ಗಾಯ. ವೈನಿ ತಿರುಗಿ ಬಿದ್ದು, ಅವಳ ಬೆನ್ನು ಮುಂದಿನ ಸೀಟಿನ ಕಬ್ಬಿಣದ ಅಂಚಿಗೆ ಬಡಿಯಿತು. ಸೊಂಟದಿಂದ ಕೆಳಗೆ ಮತ್ತೆ ಅವಳಿಗೆ ಜೀವ ಬರಲಿಲ್ಲ.

ಎಲ್ಲರೂ ಒಂದೇ ಮಾತು ಹೇಳಿದರು. ಅಷ್ಟು ಜೋರು ಬ್ರೇಕು ಯಾಕೆ ಹಾಕಿದ? ಕುರಿ ಉಳಿಸಲು ಹೋಗಿ ಹೆಂಡತಿಯನ್ನು ಕೆಡವಿದ. ಅವನೂ ಅದನ್ನೇ ಹೇಳಿಕೊಂಡ.

ಹದಿನೈದು ದಿನ ಕಳೆದ ಮೇಲೆ ಜೀಪನ್ನು ನನ್ನ ಶೆಡ್ಡಿಗೇ ತಂದ. ಬೇರೆ ಕಡೆ ಒಯ್ಯುವ ವಿಚಾರವೇ ಅವನಿಗೆ ಬರಲಿಲ್ಲ. "ಸರಿ ಮಾಡಿಕೊಡು, ಮಾರತೇನಿ," ಎಂದ. ಮೀಸೆ ಬೋಳಿಸಿದ್ದ. ಆಸ್ಪತ್ರೆಯಲ್ಲಿ ಹರಕೆ ಹೊತ್ತಿದ್ದನಂತೆ. ಜೀಪಿನ ಕಡೆ ಬೆನ್ನು ಮಾಡಿ ಹೊರಗೆ ಬೇವಿನ ಗಿಡದ ಬುಡದಲ್ಲಿ ಕುಳಿತ, ಒಳಗೆ ಬರಲೇ ಇಲ್ಲ.

ನಾನು ಹಾಸು ಎತ್ತಿ ನೋಡಿದೆ. ನಿಜವಾದ ಬೆಸುಗೆ ಬಿಡುವಾಗ ಸುಮ್ಮನೆ ಬಿಡುವುದಿಲ್ಲ, ಸುತ್ತಲ ತಗಡನ್ನು ಹರಿದುಕೊಂಡೇ ಬರುತ್ತದೆ. ಐದು ಕಡೆ ತಗಡು ಹಾಗೆ ಹರಿದಿತ್ತು. ಒಂಬತ್ತು ಕಡೆ ಪುಟ್ಟಿ ಬಿರಿದು ದುಂಡಗೆ ಉದುರಿತ್ತು, ತೂತುಗಳು ಬಾಯಿ ತೆರೆದುಕೊಂಡಿದ್ದವು. ಯಾವ ತಗಡಿನವನು ನೋಡಿದರೂ ಒಂದು ಕ್ಷಣದಲ್ಲಿ ತಿಳಿಯುವಂಥದು. ಅವನು ಹತ್ತು ಹೆಜ್ಜೆ ದೂರದಲ್ಲಿ ಕುಳಿತಿದ್ದ. ಕರೆದು ತೋರಿಸಬಹುದಿತ್ತು.

ನಾನು ಡ್ರಿಲ್ಲು ಹಚ್ಚಿದೆ. ಪಟ್ಟಿಯಲ್ಲಿ ಉಳಿದಿದ್ದ ಐದು ನಿಜವಾದ ಬೆಸುಗೆಗಳನ್ನು ಕೊರೆದು ತೆಗೆದೆ. ಆಮೇಲೆ ಬೆಸುಗೆಯೇ ಇಲ್ಲದ ಒಂಬತ್ತು ಕಡೆಯೂ ಕೊರೆದೆ, ಎಲ್ಲ ತೂತುಗಳೂ ಒಂದೇ ತರಹ ಕಾಣಲಿ ಎಂದು. ಮೊದಲ ಐದರಿಂದ ಬಿಳಿ ಸುರುಳಿ ಎದ್ದಿತು. ಉಳಿದವುಗಳ ಅಂಚಿಗೆ ಅಂಟಿದ್ದ ಪುಟ್ಟಿಯಿಂದ ಹಿಟ್ಟು ಬಿತ್ತು, ನಸುಗೆಂಪು ಹಿಟ್ಟು, ಅಂಗೈಗೆ ಮೆತ್ತಿಕೊಳ್ಳುವಂಥದು. ಹೊರಗೆ ಕುಳಿತ ಅವನಿಗೆ ಸದ್ದು ಮಾತ್ರ ಕೇಳುತ್ತಿತ್ತು. ಸದ್ದಿನಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಹಳೆ ಪಟ್ಟಿಯನ್ನು ಎರಡು ತುಂಡು ಮಾಡಿ ಗುಜರಿಯವನ ತಳ್ಳುಗಾಡಿಗೆ ಅವತ್ತೇ ಹಾಕಿದೆ. ಹಿಟ್ಟನ್ನು ಗುಡಿಸಿ ಮೋರಿಗೆ ಚೆಲ್ಲಿದೆ.

ಪುಟ್ಟಿ ತುಂಬಿದ್ದು ಸೊಕ್ಕಿನಿಂದ, ಆ ಹೊತ್ತಿನ ಬುದ್ಧಿಗೇಡಿತನದಿಂದ. ಇದನ್ನು ಮಾತ್ರ ಪೂರ್ತಿ ಎಚ್ಚರವಿದ್ದು ಮಾಡಿದೆ.

ಹೊಸ ಪಟ್ಟಿ ತರಿಸಿದೆ. ಪ್ರತಿ ಬೆಸುಗೆಗೂ ಮೊದಲು ತಗಡನ್ನು ಉಜ್ಜಿ ಕನ್ನಡಿ ಮಾಡಿಕೊಂಡೆ. ಹದಿನಾಲ್ಕು ಬೆಸುಗೆ, ಒಂದೂ ಸುಳ್ಳಿಲ್ಲ. ನನ್ನ ಕೈಯಿಂದ ಅಷ್ಟು ಚೊಕ್ಕ ಕೆಲಸ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಲಿಲ್ಲ. ಅವನು ಎಣಿಸದೆಯೇ ಒಯ್ದ. "ನೀ ಮಾಡಿದ್ದಕ್ಕ ಎಣಿಸೋದೇನು?" ಎಂದ.

ಏಳೆಂಟು ವರ್ಷ ಹೀಗೇ ಹೋದವು. ನನ್ನ ಕೈ ನಡುಗತೊಡಗಿತು, ಶೆಡ್ಡು ಬಿಟ್ಟುಕೊಟ್ಟೆ. ಅವನು ಎಲ್ಲಿದ್ದಾನೆ, ವೈನಿ ಹೇಗಿದ್ದಾಳೆ ಎಂದು ಯಾರನ್ನೂ ಕೇಳಲಿಲ್ಲ. ತಿಕೋಟಾದ ಕಡೆ ಹೋಗುವ ಸಂದರ್ಭ ಬಂದರೆ ಏನಾದರೂ ನೆಪ ತೆಗೆಯುತ್ತಿದ್ದೆ. ಹೋದ ವರ್ಷ ಒಂದು ಮದುವೆಗೆ ಹೋಗಲೇಬೇಕಾಗಿ ಬಂದು, ಮಧ್ಯಾಹ್ನದ ಹೊತ್ತು ವಿಜಯಪುರದ ನಿಲ್ದಾಣದಲ್ಲಿ ಬಸ್ಸು ಹತ್ತಿದೆ. ಅರ್ಧ ಬಸ್ಸು ಖಾಲಿ ಇತ್ತು. ಮುಂದಿನ ಬಾಗಿಲ ಹತ್ತಿರ ಒಬ್ಬ ಕಂಬಿ ಹಿಡಿದು ನಿಂತಿದ್ದ. ಬೋಳು ಮುಖ, ಬಾಗಿದ ಬೆನ್ನು. ನನಗೆ ಗುರುತು ಸಿಗಲಿಲ್ಲ.

ಕಂಡಕ್ಟರ್ ಅವನಿಗೆ ಹೇಳಿದ, "ಯಪ್ಪಾ, ಸೀಟು ಖಾಲಿ ಬಿದ್ದಾವು. ಪ್ರತಿ ಸಲಾ ಹೇಳಬೇಕೇನು ನಿನಗ? ಕುಂಡ್ರು."

"ಬ್ಯಾಡೋ ತಮ್ಮಾ. ಸೀಟಿನ ಮ್ಯಾಲ ಕುಂತವ್ರನ್ನ ಕೆಡವಿದಾಂವ ನಾ. ನನಗ ಸೀಟು ಒಗ್ಗಂಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಪ್ರತಿ ಸಲ ಕೇಳಿ ಅವರಿಗೆ ಅದು ತಮಾಷೆಯಾಗಿತ್ತು. ದನಿಯಿಂದ ನನಗೆ ಅವನ ಗುರುತು ಸಿಕ್ಕಿತು. ತಿಕೋಟಾದ ತನಕ ಅವನು ನಿಂತೇ ಬಂದ. ಹಿಂದಿನ ಸೀಟಿನಲ್ಲಿ ನಾನು ಮುಖ ಮರೆಸಿಕೊಂಡು ಕುಳಿತೇ ಬಂದೆ. ಇಳಿದು ಮದುವೆಗೆ ಹೋಗಿ ಉಂಡೆ. ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಉಂಡೆ. ಆದರೆ ಅವತ್ತೇ ನಿಶ್ಚಯ ಮಾಡಿದೆ. ತಪ್ಪು ನಿನ್ನದಲ್ಲ ಎಂದು ಅವನಿಗೆ ಹೇಳಬೇಕು. ನನಗೆ ಏನಾದರೂ ಆಗಲಿ, ಅವನು ಬಸ್ಸಿನಲ್ಲಿ ಕುಳಿತುಕೊಳ್ಳುವಂತಾಗಬೇಕು.

ಒಣದ್ರಾಕ್ಷಿಯ ಹಂಗಾಮಿನಲ್ಲಿ ಹೋದೆ. ಅವನು ಊರ ಹೊರಗೆ ಒಂದು ದ್ರಾಕ್ಷಿ ಒಣಗಿಸುವ ಶೆಡ್ಡಿನ ಕಾವಲಿಗಿದ್ದ. ಮನೆ ಅದರ ಪಕ್ಕದಲ್ಲೇ. ಗಾಳಿಯಲ್ಲಿ ಹಣ್ಣು ಅದ್ದುವ ಎಣ್ಣೆಯ ವಾಸನೆ ಇತ್ತು. ಅಂಗಳದ ಬಿಸಿಲಲ್ಲಿ ಹೊರಸು ಹಾಕಿ ವೈನಿಯನ್ನು ಮಲಗಿಸಿದ್ದ. ನನ್ನನ್ನು ನೋಡಿದವನೇ ಓಡಿ ಬಂದು ಅಪ್ಪಿಕೊಂಡ.

"ಏ, ಇಲ್ಲಿ ನೋಡ, ಯಾರ್ ಬಂದಾರ! ಮಿಸ್ತ್ರಿ ಬಂದಾನ!"

ವೈನಿ ಕತ್ತು ಹೊರಳಿಸಿ ನೋಡಿದಳು. "ಬಾ ಅಣ್ಣಾ," ಎಂದಳು, ಅಷ್ಟೇ. ಮುಖ ಸಣ್ಣದಾಗಿತ್ತು, ಕಣ್ಣು ಹಾಗೇ ಇದ್ದವು.

ಕುಳಿತುಕೊಳ್ಳುವ ಮೊದಲೇ ಹೇಳಿದೆ. ಕುಳಿತರೆ ಹೇಳಲಾರೆ ಎಂದು ಗೊತ್ತಿತ್ತು. ಮೊಂಡು ಮೊನೆ, ಒಂಬತ್ತು ತೂತು, ಪುಟ್ಟಿ, ಕಿರುಬೆರಳು, ಎಲ್ಲ ಹೇಳಿದೆ. ಆಮೇಲೆ ಪಟ್ಟಿಯನ್ನು ಗುಜರಿಗೆ ಹಾಕಿದ್ದನ್ನೂ ಹೇಳಿದೆ. "ನಿನ್ನ ಬ್ರೇಕಿನ ತಪ್ಪಲ್ಲ. ಸೀಟು ನಿಲ್ಲಬೇಕಿತ್ತು. ನಾ ನಿಲ್ಲಿಸಿರಲಿಲ್ಲ," ಎಂದೆ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು.

"ನನಗ ಗೊತ್ತಿತ್ತು," ಎಂದ.

"ಏನ್ ಗೊತ್ತಿತ್ತು?"

"ಒಂದಿನ ನೀ ಬಂದು ಹಿಂಗ ಅಂತೀ ಅಂತ. ನಿನ್ನ ಮನಸ್ಸು ಅಂಥಾದ್ದು. ಯಾರಿದ್ದಾರೋ ಈ ಕಾಲದಾಗ, ಇನ್ನೊಬ್ಬರ ಪಾಪ ಹೊರಾಕ ಇಷ್ಟು ದೂರ ಬರೋರು?"

"ಇನ್ನೊಬ್ಬರದಲ್ಲೋ, ನಂದು. ಖರೇನ ನಂದು."

"ಹದಿನಾಕು ಎಣಿಸೇನಿ ನಾ, ಈ ಹೆಬ್ಬಟ್ಟಿಲೆ."

"ಅದರಾಗ ಒಂಬತ್ತು ಪುಟ್ಟಿ."

"ಇಪ್ಪತ್ತು ವರ್ಷ ಗಾಡಿ ಹೊಡದೇನಿ. ಪುಟ್ಟಿ ಯಾವುದು ಕಬ್ಬಿಣ ಯಾವುದು ತಿಳೀಲಾರದ ಕತ್ತೆ ಅಂದ್ಕೊಂಡಿಯೇನು ನನ್ನ?" ಅವನು ಈಗ ನಗುತ್ತಿದ್ದ. "ಹಂಗಾದ್ರ ತೋರ್ಸು. ಆ ಪಟ್ಟಿ ಎಲ್ಲೈತಿ ತೋರ್ಸು."

ಏನು ತೋರಿಸಲಿ? ನಾನೇ ಕೊರೆದು, ತುಂಡು ಮಾಡಿ, ಗುಜರಿಗೆ ಹಾಕಿದ್ದೆ. ಸುಳ್ಳನ್ನು ಅಷ್ಟು ಜತನದಿಂದ ಮಾಡಿದ್ದೆ, ಖರೆ ನಿಲ್ಲಲು ಎಲ್ಲೂ ಜಾಗ ಉಳಿದಿರಲಿಲ್ಲ. ನಾನು ಮಾತಾಡಿದಷ್ಟೂ ಅವನು ನನ್ನ ಕೈ ಹಿಡಿದು ಸವರುತ್ತಿದ್ದ. "ಇರು, ಹಾಲು ತರತೇನಿ. ಚಾ ಕುಡೀದ ಹೋಗಬ್ಯಾಡ," ಎಂದು ಚರಿಗೆ ತೆಗೆದುಕೊಂಡು ಹೊರಟ.

ಅವನು ರಸ್ತೆ ದಾಟುವ ತನಕ ವೈನಿ ಅವನನ್ನೇ ನೋಡುತ್ತಿದ್ದಳು.

"ಅಣ್ಣಾ, ಸನೇಕ ಬಾ," ಎಂದಳು. ಹೊರಸಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತೆ.

"ನೀ ಹೇಳಿದ್ದು ಖರೆ ಐತಿ."

ನಾನು ತಲೆ ಎತ್ತಿ ಅವಳನ್ನು ನೋಡಿದೆ.

"ಅದು ಆಗೋದಕ್ಕಿಂತ ಮೊದಲ ಎರಡು ಸಂತಿ ನನ್ನ ಅಂಗಾಲಿಗಿ ತಿಳದಿತ್ತು. ತಳಾ ಮಿಡಕತಿತ್ತು. ಅವಗ ಹೇಳಿದೆ. ಮಿಸ್ತ್ರಿ ಮಾಡಿದ್ದು ಅಲ್ಲಾಡಂಗಿಲ್ಲ, ನಿನ್ನ ಕಾಲ ನಡಗತಾವ ಅಂದ. ಈಗ ನಡಗಂಗಿಲ್ಲ ನೋಡು." ಅವಳು ತನ್ನ ಕಾಲುಗಳ ಕಡೆ ನೋಡಿದಳು. ಅವುಗಳ ಮೇಲೆ ಒಂದು ಕೌದಿ ಹೊದಿಸಿತ್ತು.

"ವೈನಿ, ಹಂಗಿದ್ರ ನೀವ ಅವಗ ಹೇಳ್ರಿ. ನೀವು ಹೇಳಿದ್ರ ನಂಬತಾನ."

"ಅದಕ್ಕ ಕರದೆ ನಿನ್ನ. ಇನ್ನೊಮ್ಮಿ ಅವಗ ಈ ಮಾತು ಹೇಳಬ್ಯಾಡ. ನಾನೂ ಹೇಳಂಗಿಲ್ಲ."

"ಯಾಕ?"

"ದಿನಾ ನಾಕ್ ಸಲ ನನ್ನ ಎತ್ತತಾನ. ಹೊಲಸು ತಗೀತಾನ. ತಲಿ ಬಾಚತಾನ. ತಪ್ಪು ತನ್ನದು ಅಂತ ಎತ್ತತಾನ. ತಪ್ಪು ತನ್ನದಲ್ಲ ಅಂತ ತಿಳದ ಮ್ಯಾಲೂ ಎತ್ತತಾನೋ ಇಲ್ಲೋ ನನಗ ಗೊತ್ತಿಲ್ಲ. ಎತ್ತಬಹುದು. ಚಲೋ ಮನುಷ್ಯಾನ ಅದಾನ. ಆದ್ರ ಅದನ್ನ ಪರೀಕ್ಷಾ ಮಾಡಿ ನೋಡೋ ತಾಕತ್ತು ನನ್ನ ಕಡೆ ಇಲ್ಲಪ್ಪಾ."

ರಸ್ತೆಯಾಚೆ ಅವನು ಚರಿಗೆ ಹಿಡಿದು ಯಾರೊಂದಿಗೋ ಜೋರಾಗಿ ಮಾತಾಡುವುದು ಕೇಳುತ್ತಿತ್ತು. ನಾನು ಬಂದಿರುವ ಸುದ್ದಿಯನ್ನೇ ಹೇಳುತ್ತಿದ್ದ.

"ಮತ್ತ ನಿನಗ ಮಾಫಿ ಅಂತೂ ಮಾಡಂಗಿಲ್ಲ," ಎಂದಳು. ಸಿಟ್ಟಿನಿಂದಲ್ಲ, ಸಂತೆಯಲ್ಲಿ ರೊಟ್ಟಿ ಮುಗಿದಿದೆ ಎಂದು ಹೇಳಿದ ಹಾಗೆ. "ಅದನ್ನ ಕೇಳಾಕ ಬಂದಿದ್ರ ಸುಮ್ನ ಹೋಗು. ಕೈ ಸುಳ್ಳು ಹೇಳಿತು. ಈಗ ಬಾಯಿ ಸುಮ್ನಿರಲಿ."

ಅವನು ಬಂದ. ಚಾ ಮಾಡಿದ. ಬಟ್ಟಲನ್ನು ಮೊದಲು ಅವಳ ತುಟಿಗೆ ಹಿಡಿದು, ಅವಳು ಕುಡಿದ ಮೇಲೆ ತಾನು ಕುಡಿದ. ನಾನೂ ಕುಡಿದೆ. ಹೊರಡುವಾಗ ಬಸ್ಸಿನ ತನಕ ಬಂದು ಕಳಿಸಿದ.

ಅವಳು ಹೇಳಿದ್ದನ್ನು ನಡೆಸಿದೆ. ನನ್ನ ಜೀವನದಲ್ಲಿ ಒಬ್ಬರ ಲೆಕ್ಕಕ್ಕೆ ಸರಿಯಾಗಿ ನಡೆದುಕೊಂಡದ್ದು ಅದೊಂದೇ ಇರಬೇಕು. ಆದರೆ ಅದೂ ಎಂಥದು? ಸುಮ್ಮನಿರುವುದು. ಎಂಟು ವರ್ಷ ನನ್ನ ಸಲುವಾಗಿ ಸುಮ್ಮನಿದ್ದೆ, ಆಮೇಲೆ ಅವಳ ಸಲುವಾಗಿ. ಹೊರಗಿನಿಂದ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ಈ ಮಳೆಗಾಲದ ಕೊನೆಗೆ ಅವಳು ತೀರಿಕೊಂಡಳು. ಸುದ್ದಿ ನನಗೆ ಎರಡು ದಿನ ತಡವಾಗಿ ಮುಟ್ಟಿತು. ಮೂರನೆಯ ದಿನ ಹೋದೆ. ಅಂಗಳದಲ್ಲಿ ಏಳೆಂಟು ಜನ ಕುಳಿತಿದ್ದರು. ಹೊರಸನ್ನು ಗೋಡೆಗೆ ನಿಲ್ಲಿಸಿದ್ದರು. ಅವನು ನೆಲದ ಮೇಲೆ ಕುಳಿತು ಅಂಗೈ ಎರಡನ್ನೂ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಎತ್ತುವುದಕ್ಕೆ ಏನೂ ಇಲ್ಲದ ಕೈಗಳು ಹಾಗೆ ಕಾಣುತ್ತವೆ ಎಂದು ನನಗೆ ಗೊತ್ತಿರಲಿಲ್ಲ.

"ಆ ಬ್ರೇಕ್ ಒಂದ್ ಹಾಕಿರಲಿಲ್ಲ ಅಂದ್ರ," ಎಂದ ನನ್ನನ್ನು ನೋಡಿ. "ಎರಡು ಕುರಿ ಸಾಯ್ತಿದ್ವು. ಇಕಿ ಇರ್ತಿದ್ಲು."

ಈಗ ಹೇಳಬಹುದು ಎಂದುಕೊಂಡೆ. ಮಾತು ಬೇಡ ಎಂದವಳು ಇಲ್ಲ. ಅವನ ಮುಂದೆ ಕುಳಿತು, ಎಲ್ಲರೂ ಕೇಳುವ ಹಾಗೆ, ಮತ್ತೊಮ್ಮೆ ಹೇಳಿದೆ. ಪುಟ್ಟಿ ತುಂಬಿದ್ದು ನಾನು. ವೈನಿಗೂ ಗೊತ್ತಿತ್ತು, ಅವಳೇ ನನಗೆ ಸುಮ್ಮನಿರು ಎಂದಳು ಎಂದೂ ಹೇಳಿದೆ. ಅವಳ ಮಾತು ಮುರಿದೆ, ಅದೂ ಅವಳ ಮಣ್ಣು ಆರುವ ಮೊದಲೇ.

ಅವನು ನನ್ನ ಭುಜದ ಮೇಲೆ ಕೈ ಹಾಕಿ, ಕುಳಿತವರ ಕಡೆ ತಿರುಗಿದ.

"ಕೇಳಿದ್ರೆಲ್ಲ? ಹೋದ ಸಲಾನೂ ಹಿಂಗ ಅಂದ. ನನ್ನ ಪಾಪ ತನ್ನ ತಲಿ ಮ್ಯಾಲ ಹಾಕ್ಕೊಳ್ಳಾಕ ನೋಡಾಕತ್ತಾನ. ಈಗ ಸತ್ತಾಕಿ ಹೆಸರಿಲೆ ಸೈತ ಸುಳ್ಳು ಹೇಳಾಕ ತಯಾರದಾನ, ನನ್ನ ಸಮಾಧಾನಕ್ಕ. ಇಂಥಾ ಮನುಷ್ಯಾನ್ನ ನೋಡಿರೇನು ನೀವು?"

ಒಬ್ಬ ಮುದುಕ ನನಗೆ ಕೈ ಮುಗಿದ. ನಾನು ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅದೂ ವಿನಯದ ಹಾಗೆ ಕಂಡಿತು. ಮೊದಲಿನಿಂದಲೂ ನಾನು ಹೊಗಳಿಕೆಗೆ ಹಾಗೇ ತಲೆ ಅಲ್ಲಾಡಿಸುತ್ತಿದ್ದೆನಲ್ಲ.

ಎದ್ದು ಹೊರಗೆ ಬಂದೆ. ಹಿಂದೆಯೇ ಬಬಲೇಶ್ವರದ ಅವರ ಸಂಬಂಧಿಕನೊಬ್ಬ ಬಂದ. "ಕಾಕಾ, ತಪ್ಪು ತಿಳೀಬ್ಯಾಡ್ರಿ, ಇಂಥಾ ಹೊತ್ತಿನ್ಯಾಗ ಕೇಳಬಾರ್ದು. ನಂದೊಂದು ಮಾಲಿನ ಗಾಡಿ ಇಲ್ಲೇ ನಿಂತೈತಿ, ಸಂತಿ ದಿನ ಮಂದಿನ್ನೂ ಒಯ್ತೇನಿ. ಹೋದ ತಿಂಗಳ ತಳಾ ಹಾಕಿಸೇನಿ. ಒಂಚೂರು ಕೈ ಆಡಿಸಿ ನೋಡ್ತೀರೇನು? ನಿಮ್ಮ ಕೈ ಮುಟ್ಟಿದ್ರ ನನಗ ಧೈರ್ಯ."

"ನನ್ನ ಕೈ ನಡಗತಾವೋ."

"ನಡಗಲಿ ಬಿಡ್ರಿ."

ಅವನು ಒಂದು ಗೋಣಿಚೀಲ ಹಾಸಿದ. ನಾನು ಅದರ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದೆ. ಕಪ್ಪು ಬಣ್ಣ ಇನ್ನೂ ಹೊಸದಿತ್ತು. ಅಡ್ಡಪಟ್ಟಿ ಹುಡುಕಿ ಹೆಬ್ಬೆರಳು ಆಡಿಸಿದೆ. ಒಂದು, ಎರಡು, ಮೂರು. ಹೆಬ್ಬೆರಳಿಗೆ ಮೋಸ ಮಾಡುವುದು ಸುಲಭ. ಅದಕ್ಕೆ ಎರಡನೆಯ ಸಲ ಉಗುರು ಊರಿ ನೋಡಿದೆ, ಬಣ್ಣದ ಕೆಳಗೆ ಮೆತ್ತಗೆ ತಾಗುತ್ತದೋ ಎಂದು. ಯಾವುದರಲ್ಲೂ ಉಗುರು ಇಳಿಯಲಿಲ್ಲ. ಹದಿನಾರೂ ಕಬ್ಬಿಣ. ಯಾರೋ ನನಗೆ ಗೊತ್ತಿಲ್ಲದವರು ನೆಟ್ಟಗೆ ಮಾಡಿದ ಕೆಲಸ.

ಗಾಲಿಯ ಪಕ್ಕ ಎರಡು ಬರಿಗಾಲು ಬಂದು ನಿಂತವು. ವೈನಿಯ ಗಂಡನೇ ಅಂಗಳದಿಂದ ಎದ್ದು ಬಂದಿದ್ದ.

"ಎಷ್ಟ ಅದಾವು?" ಎಂದು ಕೇಳಿದ.

"ಹದಿನಾರು. ಎಲ್ಲಾ ಗಟ್ಟಿ ಅದಾವು."

"ಮುಗೀತು," ಎಂದು ಅವನು ಸಂಬಂಧಿಕನಿಗೆ ಹೇಳುವುದು ಕೇಳಿಸಿತು. "ಅಂವ ಗಟ್ಟಿ ಅಂದ್ನಂದ್ರ ಮುಗೀತು. ಇನ್ನ ಕಣ್ಣ ಮುಚ್ಚಿ ಮಂದಿನ್ನ ಕುಂಡ್ರಿಸು."

ನಾನು ಗಾಡಿಯ ಕೆಳಗಿನಿಂದ ಬೇಗ ಹೊರಗೆ ಬರಲಿಲ್ಲ.